ಗ್ರೇಸ್ ಹಾಪರ್

ಒಂದು ಬರಹವನ್ನು ನೋಡಿ ನಕಲು ಮಾಡುವುದು ಸುಲಭದ ಕೆಲಸವೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ನಮ್ಮ ಪ್ರಾಚೀನ ಕಾವ್ಯಗಳ ಓಲೆಗರಿಗಳನ್ನು ಪರಿಶೀಲಿಸಿದ ವಿದ್ವಾಂಸರ ಅನುಭವ ಬೇರೆಯೇ ಆಗಿದೆ. ಒಂದೇ ಕಾವ್ಯದ ಎರಡು ಪ್ರತಿಗಳು ಅಕ್ಷರಶಃ ಒಂದೇ ಆಗಿರುವುದು ವಿರಳ. ಲಿಪಿಕಾರನ ಕಣ್ಣು ತಪ್ಪಿದರೆ ಅಕ್ಷರ ತಪ್ಪುತ್ತದೆ. ಆ ತಪ್ಪು ಮುಂದಿನ ಪ್ರತಿಗಳಿಗೂ ಇಳಿದು ಬರುತ್ತದೆ. ಇಪ್ಪತ್ತನೆಯ ಶತಮಾನದ ಗಣಕಯಂತ್ರಗಳಿಗೂ ಇದೇ ತೊಡಕು ಎದುರಾಯಿತು. ಅದರ ಪರಿಹಾರಕ್ಕೆ ದಾರಿ ತೋರಿದವರಲ್ಲಿ ಅಗ್ರಗಣ್ಯರು ಅಮೆರಿಕದ ಗಣಿತಜ್ಞೆ ಗ್ರೇಸ್ ಹಾಪರ್.

ಗ್ರೇಸ್ 1906ನೆಯ ಇಸವಿ ಡಿಸೆಂಬರ್ 9ರಂದು ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ಏಳು ವರ್ಷದವರಿದ್ದಾಗ, ಒಳಗಿನ ಗುಟ್ಟನ್ನು ತಿಳಿಯುವ ಆಸೆಯಿಂದ ಮನೆಯ ಅಲಾರಂ ಗಡಿಯಾರಗಳನ್ನು ಒಂದೊಂದಾಗಿ ಬಿಚ್ಚಿದರು. ಇದನ್ನರಿತ ತಾಯಿ ಮಗಳ ಕುತೂಹಲವನ್ನು ಪೂರ್ಣವಾಗಿ ತಡೆಯದೆ, ಒಂದು ಗಡಿಯಾರವನ್ನು ಮಾತ್ರ ಆಕೆಯ ಪ್ರಯೋಗಕ್ಕೆ ಬಿಟ್ಟುಕೊಟ್ಟರು. ಗ್ರೇಸ್ 1928ರಲ್ಲಿ ವಾಸರ್ ಕಾಲೇಜಿನಿಂದ ಪದವಿ ಪಡೆದರು. 1934ರಲ್ಲಿ ಯೇಲ್ ವಿಶ್ವವಿದ್ಯಾನಿಲಯವು ಅವರಿಗೆ ಗಣಿತದಲ್ಲಿ ಡಾಕ್ಟರೇಟ್ ನೀಡಿತು. ತಾವು ಓದಿದ ವಾಸರ್ ಕಾಲೇಜಿನಲ್ಲಿಯೇ ಅವರು ಅಧ್ಯಾಪಕಿಯಾಗಿ ಸೇವೆ ಸಲ್ಲಿಸಿದರು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ದೇಶಸೇವೆಯ ಹಂಬಲದಿಂದ ಅವರು ನೌಕಾಪಡೆಯನ್ನು ಸೇರಬಯಸಿದರು. ನಿಯಮಕ್ಕೆ ತಕ್ಕಷ್ಟು ದೇಹತೂಕ ಅವರಿಗಿರಲಿಲ್ಲ, ವಯಸ್ಸೂ ಅಡ್ಡಿಯಾಯಿತು. ಆದರೂ ಪಟ್ಟು ಬಿಡದೆ 1943ರ ಡಿಸೆಂಬರಿನಲ್ಲಿ ಪ್ರವೇಶ ಪಡೆದರು. 1944ರಲ್ಲಿ ಅವರನ್ನು ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿದ್ದ ಮಾರ್ಕ್ 1 ಎಂಬ ಗಣಕಯಂತ್ರದ ಕೆಲಸಕ್ಕೆ ನೇಮಿಸಲಾಯಿತು. ಅದು 51 ಅಡಿ ಉದ್ದದ ದೈತ್ಯಯಂತ್ರ. ಮಾಡಬೇಕಾದ ಲೆಕ್ಕದ ಪ್ರತಿಯೊಂದು ಹೆಜ್ಜೆಯನ್ನೂ ಆದೇಶವಾಗಿ ಬರೆದು, ಕಾಗದದ ಪಟ್ಟಿಯಲ್ಲಿ ರಂಧ್ರಗಳ ರೂಪದಲ್ಲಿ ಅದಕ್ಕೆ ಉಣಿಸಬೇಕಾಗಿತ್ತು.

ಬೇರೆ ಬೇರೆ ಲೆಕ್ಕಗಳಲ್ಲಿಯೂ ಕೆಲವು ಭಾಗಗಳು ಮತ್ತೆ ಮತ್ತೆ ಬರುತ್ತವೆಂಬುದನ್ನು ಗ್ರೇಸ್ ಮತ್ತು ಅವರ ಸಹೋದ್ಯೋಗಿಗಳು ಕಂಡುಕೊಂಡರು. ಸರಿಯೆಂದು ಪರೀಕ್ಷಿಸಿದ ಆದೇಶಗುಚ್ಛಗಳನ್ನು ಟಿಪ್ಪಣಿ ಪುಸ್ತಕಗಳಲ್ಲಿ ಬರೆದಿಟ್ಟುಕೊಂಡು, ಬೇಕಾದಾಗ ಒಬ್ಬರಿಂದೊಬ್ಬರು ಎರವಲು ಪಡೆದು ನಕಲು ಮಾಡತೊಡಗಿದರು.

ಈ ಎರವಲಿನಲ್ಲಿಯೇ ತಪ್ಪುಗಳ ಬೀಜವಿತ್ತು. 1949ರಲ್ಲಿ ಗ್ರೇಸ್ ಫಿಲಡೆಲ್ಫಿಯ ನಗರದಲ್ಲಿ ಯೂನಿವ್ಯಾಕ್ ಗಣಕವನ್ನು ನಿರ್ಮಿಸುತ್ತಿದ್ದ ಸಂಸ್ಥೆಯನ್ನು ಸೇರಿದ ಮೇಲೆ ತೊಡಕು ಇನ್ನಷ್ಟು ಸ್ಪಷ್ಟವಾಯಿತು. ಪುಸ್ತಕದಲ್ಲಿದ್ದ ಪ್ರತಿಯೊಂದು ಗುಚ್ಛವೂ ಸೊನ್ನೆಯ ಸ್ಥಾನದಿಂದ ಆರಂಭವಾಗುತ್ತಿತ್ತು. ಅದನ್ನು ಬೇರೊಂದು ಕ್ರಮವಿಧಿಯ 200ನೆಯ ಸ್ಥಾನದಲ್ಲಿ ಇರಿಸಬೇಕಾದರೆ ಅದರೊಳಗಿನ ಎಲ್ಲ ಸ್ಥಾನಸಂಖ್ಯೆಗಳಿಗೂ 200 ಕೂಡಿಸಬೇಕಾಗಿತ್ತು. ಗಣಿತ ಬಲ್ಲವರೂ ಕೂಡುವಾಗ ತಪ್ಪುತ್ತಿದ್ದರು; ನಕಲು ಮಾಡುವಾಗ ಇನ್ನೂ ಹೆಚ್ಚು ತಪ್ಪುತ್ತಿದ್ದರು. 4 ಎಂಬ ಅಂಕಿಯು ತೆರವನ್ನು ಸೂಚಿಸುವ ತ್ರಿಕೋನವಾಗಿ ಮಾರ್ಪಡುತ್ತಿತ್ತು. ಬಿ ಎಂಬ ಅಕ್ಷರ 13 ಆಗುತ್ತಿತ್ತು. ಇಷ್ಟು ಸಣ್ಣ ಪ್ರಮಾದ ಇಡೀ ಲೆಕ್ಕವನ್ನೇ ಕೆಡಿಸಲು ಸಾಕಾಗಿತ್ತು.

ಕೂಡುವುದರಲ್ಲಿಯೂ ನಕಲಿಸುವುದರಲ್ಲಿಯೂ ಮನುಷ್ಯನಿಗಿಂತ ನಿಪುಣವಾದ ಯಂತ್ರ ಎದುರಿಗೇ ಇರುವಾಗ, ಆ ಕೆಲಸವನ್ನು ಅದಕ್ಕೇ ಏಕೆ ವಹಿಸಬಾರದು? ಗ್ರೇಸ್ ಈ ದಿಕ್ಕಿನಲ್ಲಿ ಆಲೋಚಿಸಿದರು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಡೇವಿಡ್ ವೀಲರ್ ಮೊದಲಾದವರು ಆಗಲೇ ಆದೇಶಗುಚ್ಛಗಳ ಭಂಡಾರವೊಂದನ್ನು ರೂಪಿಸಿದ್ದರು. ಗ್ರೇಸ್ ತಮ್ಮ ಗುಚ್ಛಗಳನ್ನು ಕಾಂತಪಟ್ಟಿಯ ಮೇಲೆ ಸಂಗ್ರಹಿಸಿ, ಒಂದೊಂದಕ್ಕೂ ಒಂದು ಸಂಕೇತನಾಮವನ್ನು ಇಟ್ಟರು. ಲೆಕ್ಕ ಮಾಡುವವರು ಆ ಹೆಸರುಗಳನ್ನು ಕ್ರಮವಾಗಿ ಬರೆದರೆ ಸಾಕು. ಯಂತ್ರವೇ ಗುಚ್ಛಗಳನ್ನು ಹುಡುಕಿ, ಸ್ಥಾನಸಂಖ್ಯೆಗಳನ್ನು ಹೊಂದಿಸಿ, ಎಲ್ಲವನ್ನೂ ಜೋಡಿಸಿ ಕ್ರಮವಿಧಿಯನ್ನು ಸಿದ್ಧಪಡಿಸುತ್ತಿತ್ತು. ಎ-0 ಎಂದು ಹೆಸರಾದ ಈ ವ್ಯವಸ್ಥೆಯೇ ಕಂಪೈಲರ್ ಎಂಬ ಸಾಧನದ ಆದಿರೂಪಗಳಲ್ಲೊಂದು. ಇದರ ವಿಚಾರವನ್ನು ಅವರು 1952ರಲ್ಲಿ ವಿದ್ವಾಂಸರ ಮುಂದೆ ಮಂಡಿಸಿದರು.

ಗಣಕವು ಅಂಕಗಣಿತವನ್ನಲ್ಲದೆ ಬೇರೇನನ್ನೂ ಮಾಡಲಾರದೆಂದು ನಂಬಿದ್ದ ಅನೇಕರು ಇದನ್ನು ಒಪ್ಪಲಿಲ್ಲ. ಗ್ರೇಸ್ ಎದೆಗುಂದಲಿಲ್ಲ. ಇಂಗ್ಲಿಷ್ ಪದಗಳಿಂದಲೇ ಗಣಕಕ್ಕೆ ಆದೇಶ ನೀಡಬಹುದಾದ ಫ್ಲೋ-ಮ್ಯಾಟಿಕ್ ಭಾಷೆಯನ್ನು ಅವರ ತಂಡ ರೂಪಿಸಿತು. 1959ರಲ್ಲಿ ರೂಪುಗೊಳ್ಳತೊಡಗಿದ ಕೋಬಾಲ್ ಭಾಷೆಗೆ ಅದು ಮುಖ್ಯ ಆಧಾರವಾಯಿತು. ಹಿಂದಿನಿಂದ ಹೀಗೆಯೇ ನಡೆದು ಬಂದಿದೆ ಎಂಬ ಸಮಾಧಾನ ಅವರಿಗೆ ಸಹಿಸದು. ಆ ಮನೋಭಾವವನ್ನು ಅಣಕಿಸುವಂತೆ ಅವರ ಕಚೇರಿಯಲ್ಲಿ ಹಿಮ್ಮುಖವಾಗಿ ತಿರುಗುವ ಗಡಿಯಾರವೊಂದು ಇತ್ತು.

ನಕಲಿನ ತೊಡಕು ಇಂದಿಗೂ ಪೂರ್ಣವಾಗಿ ನೀಗಿಲ್ಲ. ಲಕ್ಷಾಂತರ ಸಾಲುಗಳ ಕ್ರಮವಿಧಿಗಳಲ್ಲಿ ಅವಸರದಿಂದ ಒಂದೇ ಭಾಗವನ್ನು ಹತ್ತು ಕಡೆ ಬರೆದರೆ, ಒಂದೆಡೆ ತಿದ್ದಿದ ತಪ್ಪು ಉಳಿದ ಒಂಬತ್ತು ಕಡೆ ಹಾಗೆಯೇ ಉಳಿಯುತ್ತದೆ. ಹಳೆಯ ಕ್ರಮವಿಧಿಗಳಲ್ಲಿ ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆಯುವ ರೂಢಿಯಿತ್ತು. 2000ನೆಯ ಇಸವಿ ಸಮೀಪಿಸಿದಾಗ, ಎಲ್ಲೆಡೆ ಚದುರಿಹೋಗಿದ್ದ ಅಂತಹ ಲೆಕ್ಕಗಳನ್ನು ಒಂದೊಂದಾಗಿ ಹುಡುಕಿ ತಿದ್ದಬೇಕಾಯಿತು. ಆ ಮಹಾಕಾರ್ಯದಲ್ಲಿ ನಮ್ಮ ಬೆಂಗಳೂರಿನ ತಂತ್ರಜ್ಞರೂ ದುಡಿದರು. ಈಗ ಒಂದೇ ತೆರನಾದ ಭಾಗಗಳನ್ನು ಹೋಲಿಸಿ ಗುರುತಿಸುವ ಸಾಧನಗಳೇ ಇವೆ. ಹಾಗೆ ಗುರುತಿಸಿದ ಭಾಗವನ್ನು ಒಂದೆಡೆ ಸರಿಯಾಗಿ ಬರೆದು, ಹೆಸರಿಟ್ಟು, ಉಳಿದೆಡೆಗಳಲ್ಲಿ ಆ ಹೆಸರಿನಿಂದ ಕರೆಯುವುದೇ ಪರಿಹಾರ. ಗ್ರೇಸ್ ತುಳಿದ ಹಾದಿಯೂ ಅದೇ.

1986ರಲ್ಲಿ, ತಮ್ಮ 79ನೆಯ ವಯಸ್ಸಿನಲ್ಲಿ, ಅವರು ರಿಯರ್ ಅಡ್ಮಿರಲ್ ಪದವಿಯಿಂದ ನಿವೃತ್ತರಾದರು. 1992ರ ಜನವರಿ 1ರಂದು ನಿಧನ ಹೊಂದಿದರು. 2016ರಲ್ಲಿ ಅಮೆರಿಕ ದೇಶವು ಅವರಿಗೆ ಮರಣೋತ್ತರವಾಗಿ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕವನ್ನು ನೀಡಿ ಗೌರವಿಸಿತು. ಬೇಸರದ ಕೆಲಸವನ್ನು ಹಲವರು ಗೊಣಗುತ್ತಲೇ ಮಾಡಿ ಮುಗಿಸುತ್ತಾರೆ. ಅದನ್ನು ಮತ್ತೆ ಯಾರೂ ಮಾಡಬೇಕಾಗದಂತೆ ಉಪಾಯ ಹುಡುಕುವವರು ವಿರಳ. ಗ್ರೇಸ್ ಹಾಪರ್ ಅಂತಹ ವಿರಳರಲ್ಲಿ ಒಬ್ಬರು.