ಬೆಂಚಿನಿಂದ ಅಂಕಣಕ್ಕೆ: ಡ್ರಾಜೆನ್ ಪೆಟ್ರೋವಿಚ್

ನಿಮ್ಮಲ್ಲಿ ಹಲವರು ಶಾಲೆ ಅಥವಾ ಕಾಲೇಜಿನ ತಂಡಕ್ಕೆ ಆಯ್ಕೆಯಾಗಿರಬಹುದು. ಜೆರ್ಸಿ ಹಾಕಿ, ಶೂ ಲೇಸು ಬಿಗಿದುಕೊಂಡು, ಕೊನೆಯ ವಿಸಿಲ್ ಊದುವವರೆಗೂ ಬೆಂಚಿನ ಮೇಲೆಯೇ ಕುಳಿತು ಮನೆಗೆ ಮರಳಿದವರೂ ನಿಮ್ಮಲ್ಲಿರಬಹುದು. ಆ ದಿನ ಮನೆಯವರು ಎಷ್ಟು ಅಂಕ ಗಳಿಸಿದೆ ಎಂದು ಕೇಳಿದರೆ ಮುಖ ಎತ್ತಲು ಮನಸ್ಸಾಗುವುದಿಲ್ಲ. ಯುರೋಪಿನ ಅತ್ಯುತ್ತಮ ಬಾಸ್ಕೆಟ್‌ಬಾಲ್ ಆಟಗಾರರಲ್ಲಿ ಒಬ್ಬರೆಂದು ಹೆಸರು ಪಡೆದ ಮೇಲೂ, ಇಪ್ಪತ್ತೈದರ ಹರೆಯದಲ್ಲಿ ಹಾಗೆ ಬೆಂಚಿನ ಮೇಲೆ ಕುಳಿತ ಒಬ್ಬರ ಜೀವನವನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ಅವರೇ ಡ್ರಾಜೆನ್ ಪೆಟ್ರೋವಿಚ್.

ಭೂಪಟದಲ್ಲಿ ಇಟಲಿಯ ಎದುರು ದಡವನ್ನು ನೋಡಿ. ಆಡ್ರಿಯಾಟಿಕ್ ಸಮುದ್ರದ ಅಂಚಿನಲ್ಲಿ ಶಿಬೆನಿಕ್ ಎಂಬ ಸಣ್ಣ ಪಟ್ಟಣವಿದೆ. ಇಂದು ಅದು ಕ್ರೊಯೇಷಿಯಾ ದೇಶಕ್ಕೆ ಸೇರಿದೆ, ಆಗ ಯುಗೋಸ್ಲಾವಿಯಾದ ಭಾಗವಾಗಿತ್ತು. 1964ರ ಅಕ್ಟೋಬರ್ 22ರಂದು ಡ್ರಾಜೆನ್ ಅಲ್ಲಿ ಹುಟ್ಟಿದ. ತಂದೆ ಪೊಲೀಸ್ ಅಧಿಕಾರಿ, ತಾಯಿ ಗ್ರಂಥಪಾಲಕಿ. ಅಣ್ಣ ಅಲೆಕ್ಸಾಂಡರ್ ಐದು ವರ್ಷ ದೊಡ್ಡವನು. ಅಣ್ಣ ಬಾಸ್ಕೆಟ್‌ಬಾಲ್ ಆಡುತ್ತಿದ್ದ, ತಮ್ಮನೂ ಅವನ ಹಿಂದೆಯೇ ಅಂಕಣಕ್ಕೆ ಹೋದ. ನಮ್ಮ ಮನೆಗಳಲ್ಲೂ ಹಾಗೆಯೇ ಅಲ್ಲವೇ?

ಊರಿನ ಒಳಾಂಗಣ ಕ್ರೀಡಾಂಗಣದ ಹೆಸರು ಬಾಲ್ಡೆಕಿನ್. ಅದರ ಬೀಗದ ಕೈಯೊಂದು ಈ ಹುಡುಗನ ಬಳಿ ಇರುತ್ತಿತ್ತು. ಬೆಳಕು ಹರಿಯುವ ಹೊತ್ತಿಗೆ ಎದ್ದು, ಬಾಗಿಲು ತೆಗೆದು ಒಬ್ಬನೇ ಒಳಗೆ ಹೋಗುತ್ತಿದ್ದ. ಶಾಲೆಯ ಗಂಟೆ ಬಾರಿಸುವ ಮುಂಚೆ ನೂರಾರು ಬಾರಿ ಚೆಂಡನ್ನು ಬುಟ್ಟಿಗೆ ಎಸೆಯುವುದು, ಸಂಜೆ ತಂಡದ ಅಭ್ಯಾಸ, ಅದು ಮುಗಿದ ಮೇಲೆ ಮತ್ತೆ ಒಬ್ಬನೇ ಎಸೆತ. ದಿನಕ್ಕೆ ಐನೂರು ಎಸೆತ ಎಂಬ ಲೆಕ್ಕ ಅವನ ಹೆಸರಿನೊಂದಿಗೇ ಬೆಸೆದುಹೋಗಿದೆ. ಅವನನ್ನು ಹುಟ್ಟು ಪ್ರತಿಭೆ ಎಂದು ಕರೆದವರು ಬಹಳ ಮಂದಿ. ನನಗೇನೋ ಆ ಬೀಗದ ಕೈಯ ಪಾಲು ಹೆಚ್ಚೆಂದೇ ತೋರುತ್ತದೆ.

ಹದಿನೈದನೇ ವಯಸ್ಸಿಗೇ ಊರಿನ ಶಿಬೆಂಕಾ ಕ್ಲಬ್ಬಿನ ಹಿರಿಯರ ತಂಡದಲ್ಲಿ ಅವನಿಗೆ ಸ್ಥಾನ ಸಿಕ್ಕಿತು. 1982 ಮತ್ತು 1983ರಲ್ಲಿ ಈ ಪುಟ್ಟ ಊರಿನ ತಂಡ ಕೊರಾಚ್ ಕಪ್ ಎಂಬ ಯುರೋಪಿಯನ್ ಪಂದ್ಯಾವಳಿಯ ಫೈನಲ್ ತಲುಪಿ, ಎರಡು ಬಾರಿಯೂ ಫ್ರಾನ್ಸಿನ ಲಿಮೋಜ್ ತಂಡಕ್ಕೆ ಸೋತಿತು. 1983ರ ಏಪ್ರಿಲ್‌ನಲ್ಲಿ ದೇಶದ ಚಾಂಪಿಯನ್‌ಶಿಪ್ಪಿನ ನಿರ್ಣಾಯಕ ಪಂದ್ಯ ಶಿಬೆನಿಕ್‌ನಲ್ಲೇ ನಡೆಯಿತು. ಎದುರಾಳಿ ಸರಾಯೆವೊದ ಬೋಸ್ನಾ ತಂಡ. ಕೊನೆಯ ಕ್ಷಣದಲ್ಲಿ ಡ್ರಾಜೆನ್ ಮೇಲೆ ಫೌಲ್ ಆಯಿತೆಂದು ರೆಫರಿ ತೀರ್ಪಿತ್ತರು. ಹದಿನೆಂಟರ ಹುಡುಗ ಎರಡೂ ಫ್ರೀ ಥ್ರೋಗಳನ್ನು ಬುಟ್ಟಿಗೆ ಹಾಕಿದ. ಒಂದು ಅಂಕದ ಗೆಲುವು! ಊರಿಗೆ ಊರೇ ಬೀದಿಗಿಳಿಯಿತು. ಆದರೆ ಮರುದಿನವೇ ಒಕ್ಕೂಟವು ರೆಫರಿಯ ತೀರ್ಪು ಸರಿಯಿಲ್ಲವೆಂದು ಹೇಳಿ ಪ್ರಶಸ್ತಿಯನ್ನು ಹಿಂದಕ್ಕೆ ಪಡೆದು, ನೋವಿಸಾದ್ ನಗರದಲ್ಲಿ ಮತ್ತೆ ಆಡಬೇಕೆಂದು ಆದೇಶಿಸಿತು. ಶಿಬೆಂಕಾ ಹೋಗಲಿಲ್ಲ, ಪ್ರಶಸ್ತಿ ಬೋಸ್ನಾದ ಪಾಲಾಯಿತು. ಗೆದ್ದ ಕಪ್ಪು ಒಂದೇ ರಾತ್ರಿಯಲ್ಲಿ ಕೈಬಿಟ್ಟುಹೋದರೆ ಆ ವಯಸ್ಸಿನಲ್ಲಿ ಹೇಗಿರುತ್ತದೆಂದು ನೀವೇ ಊಹಿಸಿಕೊಳ್ಳಿ.

ಸೈನ್ಯದ ಕಡ್ಡಾಯ ಸೇವೆ ಮುಗಿಸಿ 1984ರಲ್ಲಿ ಪೆಟ್ರೋವಿಚ್ ಝಾಗ್ರೆಬ್‌ನ ಸಿಬೋನಾ ಕ್ಲಬ್ ಸೇರಿದರು. ಅಣ್ಣನೂ ಅಲ್ಲೇ ಆಡುತ್ತಿದ್ದರು. 1985ರಲ್ಲಿ ಯುರೋಪಿಯನ್ ಕಪ್ ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧ 36 ಅಂಕ ಗಳಿಸಿ ಗೆಲುವು ತಂದುಕೊಟ್ಟರು. ಮರುವರ್ಷ ಸೋವಿಯತ್ ಒಕ್ಕೂಟದ ಜಾಲ್ಗಿರಿಸ್ ತಂಡವನ್ನು ಸೋಲಿಸಿ ಸಿಬೋನಾ ಮತ್ತೆ ಕಪ್ ಉಳಿಸಿಕೊಂಡಿತು. 1985ರ ಅಕ್ಟೋಬರ್‌ನಲ್ಲಿ ಲೀಗಿನ ಒಂದೇ ಪಂದ್ಯದಲ್ಲಿ ಅವರು 112 ಅಂಕ ಗಳಿಸಿದ್ದೂ ಉಂಟು. ಈ ದಾಖಲೆಯನ್ನು ಓದಿ ನೀವು ಬೆರಗಾಗುವ ಮೊದಲು ಒಂದು ಮಾತು ಹೇಳಬೇಕು. ಅಂದು ಎದುರಾಳಿ ಒಲಿಂಪಿಯಾ ತಂಡ ಕಣಕ್ಕಿಳಿಸಿದ್ದು ತನ್ನ ಕಿರಿಯರನ್ನು. ಅದು ಮೆಚ್ಚುವಂಥದ್ದೆಂದು ನನಗನಿಸುವುದಿಲ್ಲ. ಎದುರಾಳಿಗಳನ್ನು ಕೆಣಕುವುದು, ಬುಟ್ಟಿಗೆ ಚೆಂಡು ಹಾಕಿ ಕೈ ಹರಡಿಕೊಂಡು ಕುಣಿಯುವುದು ಇವೂ ಆ ದಿನಗಳಲ್ಲಿ ಅವರಿಗಿದ್ದ ಅಭ್ಯಾಸಗಳೇ. ಮಂದಿ ಅವರನ್ನು ಎಷ್ಟು ಪ್ರೀತಿಸಿದರೋ ಅಷ್ಟೇ ದ್ವೇಷಿಸಿದರು.

ಒಂದು ವರ್ಷ ಸ್ಪೇನಿನಲ್ಲಿ, ತಾವೇ ಸೋಲಿಸಿದ್ದ ರಿಯಲ್ ಮ್ಯಾಡ್ರಿಡ್ ಪರವಾಗಿ ಆಡಿದರು. 1989ರ ಕಪ್ ವಿನ್ನರ್ಸ್ ಕಪ್ ಫೈನಲ್‌ನಲ್ಲಿ ಅವರ ಗಳಿಕೆ 62 ಅಂಕ. ಯುರೋಪಿನಲ್ಲಿ ಇನ್ನು ಗೆಲ್ಲುವುದಕ್ಕೆ ಏನೂ ಉಳಿದಿರಲಿಲ್ಲ ಎನ್ನಬಹುದು.

ಅಮೆರಿಕದ ಎನ್‌ಬಿಎ ಲೀಗಿನ ತಂಡಗಳು ಪ್ರತಿವರ್ಷ ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. ಪೋರ್ಟ್‌ಲ್ಯಾಂಡ್ ತಂಡ 1986ರಲ್ಲೇ ಪೆಟ್ರೋವಿಚ್‌ರನ್ನು ಆರಿಸಿತ್ತು, ಅದೂ ಮೂರನೇ ಸುತ್ತಿನಲ್ಲಿ, 60ನೆಯವರಾಗಿ. 1989ರಲ್ಲಿ ಅವರು ಅಲ್ಲಿಗೆ ಹೋದರು. ಯುರೋಪಿನವರು ನಿಧಾನ, ಅವರಿಗೆ ರಕ್ಷಣಾ ಆಟ ಬಾರದು ಎಂಬ ತಾತ್ಸಾರ ಅಮೆರಿಕದಲ್ಲಿ ಬಲವಾಗಿತ್ತು. ಮೇಲಾಗಿ ಅವರ ಸ್ಥಾನದಲ್ಲಿ ಕ್ಲೈಡ್ ಡ್ರೆಕ್ಸ್‌ಲರ್‌ರಂಥ ದಿಗ್ಗಜರಿದ್ದರು. ಪಂದ್ಯವೊಂದಕ್ಕೆ ಸರಾಸರಿ ಹನ್ನೆರಡು ನಿಮಿಷ ಆಡಲು ಸಿಕ್ಕರೆ ಹೆಚ್ಚು. ಎರಡನೇ ವರ್ಷ ಅದೂ ಇಲ್ಲ: ತಂಡದ ಮೊದಲ 38 ಪಂದ್ಯಗಳಲ್ಲಿ 20ರಲ್ಲಿ ಅವರನ್ನು ಅಂಕಣಕ್ಕೆ ಇಳಿಸಲೇ ಇಲ್ಲ. ತಂಡ ಗೆಲ್ಲುತ್ತಿತ್ತು, ಆದ್ದರಿಂದ ತರಬೇತುದಾರರನ್ನು ಪೂರ್ತಿ ದೂರುವುದೂ ಕಷ್ಟ. ಆದರೆ ಇಡೀ ಖಂಡ ಮೆಚ್ಚಿದ್ದ ಆಟಗಾರನಿಗೆ ಅದು ಎಂಥ ಸಂಕಟ! ಗಂಟುಮೂಟೆ ಕಟ್ಟಿ ಯುರೋಪಿಗೆ ಮರಳಿದ್ದರೆ ರಾಜಮರ್ಯಾದೆ ಕಾದಿತ್ತು. ಅವರು ಮರಳಲಿಲ್ಲ. ಶಿಬೆನಿಕ್‌ನ ಬೆಳಗಿನ ಅಭ್ಯಾಸವನ್ನು ಅಲ್ಲಿಯೂ ಬಿಡಲಿಲ್ಲ, ತಮ್ಮನ್ನು ಬೇರೆ ತಂಡಕ್ಕೆ ಕಳುಹಿಸಿ ಎಂದು ಕೇಳುವುದನ್ನೂ ಬಿಡಲಿಲ್ಲ.

1991ರ ಜನವರಿಯಲ್ಲಿ ನ್ಯೂಜೆರ್ಸಿ ನೆಟ್ಸ್ ತಂಡ ಅವರನ್ನು ಕರೆಸಿಕೊಂಡಿತು. ಅದು ಸೋಲುವುದನ್ನೇ ರೂಢಿ ಮಾಡಿಕೊಂಡಿದ್ದ ತಂಡ. ಆದರೆ ಪೆಟ್ರೋವಿಚ್‌ಗೆ ಬೇಕಿದ್ದದ್ದು ನಿಮಿಷಗಳು. 1991-92ರ ಋತುವಿನಲ್ಲಿ 82 ಪಂದ್ಯಗಳಲ್ಲಿ ಒಂದನ್ನೂ ತಪ್ಪಿಸದೆ ಆಡಿ ಸರಾಸರಿ 20.6 ಅಂಕ ಗಳಿಸಿದರು. 1986ರ ನಂತರ ಮೊದಲ ಬಾರಿಗೆ ನೆಟ್ಸ್ ಪ್ಲೇಆಫ್ ಹಂತ ಮುಟ್ಟಿತು. ಮರುವರ್ಷ ಸರಾಸರಿ 22.3ಕ್ಕೆ ಏರಿತು. ಮೂರು ಅಂಕದ ದೂರದ ಎಸೆತಗಳಲ್ಲಿ ನೂರಕ್ಕೆ ಸುಮಾರು 45 ಬುಟ್ಟಿ ಸೇರುತ್ತಿದ್ದವು. ಆದರೂ 1993ರ ಆಲ್‌ಸ್ಟಾರ್ ಪಂದ್ಯಕ್ಕೆ ಅವರನ್ನು ಆರಿಸಲಿಲ್ಲ. ಇದು ಅವರನ್ನು ಬಹಳ ನೋಯಿಸಿತು. ಋತುವಿನ ಕೊನೆಯಲ್ಲಿ ಮಾತ್ರ ಲೀಗಿನ ವರ್ಷದ ಅತ್ಯುತ್ತಮ ಹದಿನೈದು ಆಟಗಾರರ ಪಟ್ಟಿಯಲ್ಲಿ ಅವರ ಹೆಸರಿತ್ತು.

ಇನ್ನೊಂದು ನೋವನ್ನೂ ಹೇಳದಿದ್ದರೆ ಈ ಬರಹ ಅಪೂರ್ಣ. ಸೆರ್ಬಿಯಾದ ವ್ಲಾಡೆ ಡಿವಾಟ್ಸ್ ಯುಗೋಸ್ಲಾವಿಯಾ ತಂಡದಲ್ಲಿ ಅವರ ಕೊಠಡಿಯ ಜೊತೆಗಾರ. ಇಬ್ಬರೂ ಒಂದೇ ವರ್ಷ ಅಮೆರಿಕಕ್ಕೆ ಹೋದವರು. ಬೆಂಚಿನ ಆ ದಿನಗಳಲ್ಲಿ ಪೆಟ್ರೋವಿಚ್ ಮನಸ್ಸು ಬಿಚ್ಚಿ ಫೋನಿನಲ್ಲಿ ಮಾತಾಡುತ್ತಿದ್ದದ್ದು ಲಾಸ್ ಏಂಜಲೀಸ್‌ನಲ್ಲಿದ್ದ ಈ ಗೆಳೆಯನ ಜೊತೆ. 1990ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್ ಗೆದ್ದ ಸಂಭ್ರಮದಲ್ಲಿ ಯಾರೋ ಒಬ್ಬ ಕ್ರೊಯೇಷಿಯಾದ ಧ್ವಜ ಹಿಡಿದು ಅಂಕಣಕ್ಕೆ ನುಗ್ಗಿದ. ಇದು ಯುಗೋಸ್ಲಾವಿಯಾದ ಗೆಲುವೆಂದು ಡಿವಾಟ್ಸ್ ಅದನ್ನು ಕಿತ್ತುಕೊಂಡರು. ಆಗಲೇ ದೇಶ ಒಡೆಯತೊಡಗಿತ್ತು, ಮುಂದಿನ ವರ್ಷ ಯುದ್ಧವೂ ಬಂತು. ಪೆಟ್ರೋವಿಚ್ ಗೆಳೆಯನೊಂದಿಗೆ ಮಾತು ಬಿಟ್ಟರು.

1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಅವರು ಆಡಿದ್ದು ಹೊಸ ದೇಶ ಕ್ರೊಯೇಷಿಯಾದ ಪರವಾಗಿ. ಫೈನಲ್‌ನಲ್ಲಿ ಎದುರಿದ್ದದ್ದು ಮೈಕೆಲ್ ಜೋರ್ಡಾನ್, ಮ್ಯಾಜಿಕ್ ಜಾನ್ಸನ್ ಇದ್ದ ಅಮೆರಿಕದ ಡ್ರೀಮ್ ಟೀಮ್. ಒಂದು ಹಂತದಲ್ಲಿ ಕ್ರೊಯೇಷಿಯಾ 25-23ರಿಂದ ಮುಂದಿತ್ತು! ಕೊನೆಗೆ 117-85ರಿಂದ ಸೋತು ಬೆಳ್ಳಿ ಪಡೆಯಿತು. ಪೆಟ್ರೋವಿಚ್ 24 ಅಂಕ ಗಳಿಸಿದರು.

1993ರ ಜೂನ್‌ನಲ್ಲಿ ಪೋಲೆಂಡಿನಲ್ಲಿ ಅರ್ಹತಾ ಪಂದ್ಯಗಳನ್ನು ಮುಗಿಸಿ ಕ್ರೊಯೇಷಿಯಾ ತಂಡ ಫ್ರಾಂಕ್‌ಫರ್ಟ್ ಮೂಲಕ ವಿಮಾನದಲ್ಲಿ ಊರಿಗೆ ಹೊರಟಿತ್ತು. ಪೆಟ್ರೋವಿಚ್ ಮಾತ್ರ ಅಲ್ಲಿಂದ ಕಾರಿನಲ್ಲಿ ಹೋಗಲು ನಿಶ್ಚಯಿಸಿದರು. ಜೂನ್ 7ರ ಸಂಜೆ, ಮಳೆ. ಜರ್ಮನಿಯ ಬವೇರಿಯಾ ಪ್ರಾಂತ್ಯದ ಡೆಂಕೆನ್‌ಡಾರ್ಫ್ ಬಳಿ ಹೆದ್ದಾರಿಯಲ್ಲಿ ಲಾರಿಯೊಂದು ರಸ್ತೆಗೆ ಅಡ್ಡಲಾಗಿ ನಿಂತಿತ್ತು. ಕಾರು ಅದಕ್ಕೆ ಅಪ್ಪಳಿಸಿತು. ಪೆಟ್ರೋವಿಚ್ ಚಾಲಕನ ಪಕ್ಕದ ಸೀಟಿನಲ್ಲಿ ನಿದ್ರಿಸುತ್ತಿದ್ದರು. ಸ್ಥಳದಲ್ಲೇ ಪ್ರಾಣ ಹೋಯಿತು. ಅವರಿಗಿನ್ನೂ ಇಪ್ಪತ್ತೆಂಟು ವರ್ಷ.

ಅದೇ ನವೆಂಬರ್‌ನಲ್ಲಿ ನೆಟ್ಸ್ ತಂಡ ಅವರ 3ನೇ ಸಂಖ್ಯೆಯ ಜೆರ್ಸಿಯನ್ನು ಇನ್ನಾರಿಗೂ ಕೊಡದೆ ಗೌರವಿಸಿತು. 2002ರಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಿತು. ಯುರೋಪಿನ ಹುಡುಗರು ಎನ್‌ಬಿಎ ತಂಡಗಳಲ್ಲಿ ಮುಂದಾಳುಗಳಾಗಿ ಆಡುವುದು ಇಂದು ಯಾರಿಗೂ ಸೋಜಿಗವಲ್ಲ.

ಡಿವಾಟ್ಸ್ ಅವರಿಗೆ ಗೆಳೆಯನೊಂದಿಗೆ ರಾಜಿಯಾಗುವ ಅವಕಾಶ ಸಿಗಲಿಲ್ಲ. ಅವರಿಬ್ಬರ ಗೆಳೆತನದ ಕುರಿತು 2010ರಲ್ಲಿ ತೆರೆಕಂಡ ಸಾಕ್ಷ್ಯಚಿತ್ರದಲ್ಲಿ ಅವರು ಝಾಗ್ರೆಬ್‌ಗೆ ಹೋಗಿ ಪೆಟ್ರೋವಿಚ್‌ರ ತಾಯಿಯನ್ನೂ ಅಣ್ಣನನ್ನೂ ಕಾಣುತ್ತಾರೆ. ಆಮೇಲೆ ಮಿರೊಗೊಯ್ ಸ್ಮಶಾನಕ್ಕೆ ನಡೆದು, ತಾವಿಬ್ಬರೂ ಜೊತೆಯಾಗಿರುವ ಒಂದು ಹಳೆಯ ಫೋಟೋವನ್ನು ಸಮಾಧಿಯ ಮೇಲೆ ಇಡುತ್ತಾರೆ.