ಪಿಂಚಣಿ ಬಂದ ಮೇಲೆ ಶುರುವಾದ ದುಡಿಮೆ: ಮಹರ್ಷಿ ಅಣ್ಣಾಸಾಹೇಬ ಕರ್ವೆ

ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ಕನ್ನಡಿಗರಿಗೆ ಪುಣೆ ದೂರದ ಊರಲ್ಲ. ಮಕ್ಕಳ ಓದು, ನೌಕರಿ, ದವಾಖಾನೆ ಅಂತ ಹೋಗಿ ಬರುವವರು ಮನೆಗೊಬ್ಬರು ಇದ್ದೇ ಇರುತ್ತಾರೆ. ಅಲ್ಲಿಯ ಕರ್ವೆ ರೋಡ್, ಕರ್ವೆ ನಗರ ಎಂಬ ಹೆಸರು ಎಲ್ಲರ ಬಾಯಲ್ಲೂ ಇದೆ. ಆದರೆ ಆ ಹೆಸರಿನವರು ಒಬ್ಬ ಗಣಿತದ ಮಾಸ್ತರರಾಗಿದ್ದರು, ಅವರ ದೊಡ್ಡ ಕೆಲಸ ಶುರುವಾದದ್ದೇ ನೌಕರಿ ಮುಗಿದ ಮೇಲೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ.

ಧೋಂಡೋ ಕೇಶವ ಕರ್ವೆ ಹುಟ್ಟಿದ್ದು 1858ರ ಏಪ್ರಿಲ್ 18ರಂದು, ಕೊಂಕಣದ ಶೇರವಲಿಯಲ್ಲಿ. ಅದು ತಾಯಿಯ ತವರು. ಬೆಳೆದದ್ದು ಮುರುಡ ಎಂಬ ಹಳ್ಳಿಯಲ್ಲಿ. ಮನೆಯಲ್ಲಿ ಬಡತನ. ಹುಡುಗನಾಗಿದ್ದಾಗ ಪರೀಕ್ಷೆಗೆ ಕೂಡಲು ಗೆಳೆಯರ ಜೊತೆ ಘಟ್ಟ ಹತ್ತಿ, ನೂರು ಮೈಲಿಗೂ ಹೆಚ್ಚು ನಡೆದು ಸಾತಾರಾ ಮುಟ್ಟಿದರು. ನೋಡಲು ಸಣ್ಣವನಂತೆ ಕಾಣುತ್ತಾನೆ ಎಂದು ಅಲ್ಲಿಯ ಅಧಿಕಾರಿ ಪರೀಕ್ಷೆಗೇ ಕೂಡಿಸಲಿಲ್ಲ. ಬಂದ ದಾರಿಗೆ ಸುಂಕವಿಲ್ಲ ಎಂದು ತಿರುಗಿ ಬಂದ ಹುಡುಗ, ಮುಂದೆ ಕೊಲ್ಹಾಪುರದಲ್ಲಿ ಅದೇ ಪರೀಕ್ಷೆ ಪಾಸಾದ. 1884ರಲ್ಲಿ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಪದವಿ ಪಡೆದ. ಗಳಿಕೆ ಶುರುವಾದಾಗಿನಿಂದಲೂ ಬಂದ ರೊಕ್ಕದಲ್ಲಿ ಒಂದು ಪಾಲು ಊರ ಕೆಲಸಕ್ಕೆ ಎತ್ತಿಡುವ ರೂಢಿ ಅವರದು.

1891ರಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರಾದರು. ಅದೇ ವರ್ಷ ಪತ್ನಿ ರಾಧಾಬಾಯಿ ತೀರಿಕೊಂಡರು. ಎರಡನೇ ಮದುವೆಗೆ ಕನ್ಯೆ ಕೊಡುವವರಿಗೆ ಆಗ ಕೊರತೆ ಇರಲಿಲ್ಲ. ಕರ್ವೆಯವರು ಆರಿಸಿಕೊಂಡದ್ದು ಪಂಡಿತಾ ರಮಾಬಾಯಿಯವರ ಶಾರದಾ ಸದನದಲ್ಲಿ ಓದುತ್ತಿದ್ದ ಗೋದೂಬಾಯಿ ಎಂಬ ಬಾಲವಿಧವೆಯನ್ನು. 1893ರಲ್ಲಿ ಮದುವೆಯಾಯಿತು. ಮುರುಡದ ಮಂದಿ ಸಭೆ ಸೇರಿ ಬಹಿಷ್ಕಾರ ಹಾಕಿದರು. ಯಾವ ಊರಿಗಾಗಿ ರೊಕ್ಕ ಎತ್ತಿಟ್ಟಿದ್ದರೋ ಅದೇ ಊರಿನಲ್ಲಿ ತಾಯಿಯ ಮನೆಗೆ ಹೋಗುವುದೂ ಕಷ್ಟವಾಯಿತು.

ಅವರು ಜಗಳಕ್ಕೆ ನಿಲ್ಲಲಿಲ್ಲ, ಕೆಲಸಕ್ಕೆ ನಿಂತರು. 1896ರಲ್ಲಿ ವಿಧವೆಯರಿಗಾಗಿ ಆಶ್ರಮ ತೆರೆದರು. ಪುಣೆಯಲ್ಲಿ ಪ್ಲೇಗು ಹಬ್ಬಿದಾಗ ಆಶ್ರಮವನ್ನು ಊರ ಹೊರಗಿನ ಹಿಂಗಣೆಗೆ ಒಯ್ದರು. ದಾನವಾಗಿ ಬಂದ ಜಾಗ, ಅದರಲ್ಲಿ ಒಂದು ಗುಡಿಸಲು. ಕಾಲೇಜಿನ ಪಾಠ ಮುಗಿಸಿ, ಆಶ್ರಮಕ್ಕೆ ಬೇಕಾದ ಸಾಮಾನು ಹೊತ್ತು, ಕೆಸರು ತುಳಿದು ಹಿಂಗಣೆಗೆ ನಡೆಯುವುದು ಅವರ ನಿತ್ಯದ ಕೆಲಸವಾಯಿತು. ತಮ್ಮ ವಿಮೆಯ ಹಣವನ್ನೂ ಆಶ್ರಮಕ್ಕೇ ಬರೆದುಕೊಟ್ಟರು. ಆ ಹಿಂಗಣೆಯೇ ಇಂದಿನ ಕರ್ವೆ ನಗರ. ಹೆಂಡತಿ ಮಕ್ಕಳಿಗೆ ಇದೆಲ್ಲ ಸುಲಭವಾಗಿರಲಿಲ್ಲ. ಆನಂದಿಬಾಯಿ ಎಂದು ಹೊಸ ಹೆಸರು ಪಡೆದ ಪತ್ನಿ ಮನೆತನದ ಭಾರ ಹೊತ್ತರು, ಆಶ್ರಮಕ್ಕಾಗಿ ದೇಣಿಗೆಯನ್ನೂ ಕೂಡಿಸಿದರು.

1914ರಲ್ಲಿ ಕಾಲೇಜಿನಿಂದ ನಿವೃತ್ತಿಯಾಯಿತು. ವಯಸ್ಸು 56. ಪಿಂಚಣಿ ಬಂತು. ಇನ್ನು ಸಾಕು ಎಂದು ಕೂತಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಆ ಸುಮಾರಿಗೆ ಜಪಾನಿನ ಮಹಿಳಾ ವಿಶ್ವವಿದ್ಯಾಲಯದ ಬಗ್ಗೆ ಒಂದು ಸಣ್ಣ ಪುಸ್ತಕ ಕೈಗೆ ಬಂತು. 1915ರ ಕೊನೆಗೆ ಮುಂಬಯಿಯಲ್ಲಿ ನಡೆದ ಸಾಮಾಜಿಕ ಪರಿಷತ್ತಿನ ಅಧ್ಯಕ್ಷತೆ ವಹಿಸಿದಾಗ, ನಮ್ಮಲ್ಲೂ ಹೆಣ್ಣುಮಕ್ಕಳಿಗೆ ಅಂಥದೊಂದು ಬೇಕು ಎಂಬ ವಿಚಾರ ಮುಂದಿಟ್ಟರು. ಮರುವರ್ಷ, 1916ರಲ್ಲಿ, ಮಹಿಳಾ ವಿಶ್ವವಿದ್ಯಾಲಯ ಶುರುವಾಗಿಯೇ ಬಿಟ್ಟಿತು. ಮೊದಲ ವರ್ಗದಲ್ಲಿದ್ದವರು ಬೆರಳೆಣಿಕೆಯ ಹುಡುಗಿಯರು.

ಗಡಿಭಾಗದವರು ನೆನಪಿಡಬೇಕಾದ ಮಾತೊಂದಿದೆ. ಪಾಠ ಮಾತೃಭಾಷೆಯಲ್ಲೇ ಆಗಬೇಕು, ಇಂಗ್ಲಿಷು ಒಂದು ವಿಷಯವಾಗಿರಲಿ ಎಂದು ಕರ್ವೆ ಹಟ ಹಿಡಿದಿದ್ದರು. ಮನೆಯ ಭಾಷೆ ಬಿಡದೆ ಹೆಣ್ಣುಮಕ್ಕಳು ಮೇಲಿನ ಓದು ಓದಬೇಕು ಎಂಬುದು ಅವರ ವಿಚಾರ. ಸರ್ಕಾರದ ಮನ್ನಣೆ ಇಲ್ಲದ ಪದವಿ ಯಾತಕ್ಕೆ ಬಂತು ಎಂದು ಕೇಳಿದವರಿದ್ದರು. ಆ ಮನ್ನಣೆ ಬಂದದ್ದು ಸ್ವಾತಂತ್ರ್ಯದ ನಂತರವೇ. ಅಲ್ಲಿಯತನಕ ಸಂಸ್ಥೆಯನ್ನು ದೇಣಿಗೆಯ ಮೇಲೆಯೇ ನಡೆಸಬೇಕಾಯಿತು. 1920ರಲ್ಲಿ ಮುಂಬಯಿಯ ಗಿರಣಿ ಮಾಲೀಕ ಸರ್ ವಿಠ್ಠಲದಾಸ ಠಾಕರಸಿ 15 ಲಕ್ಷ ರೂಪಾಯಿ ಕೊಡಲು ಮುಂದೆ ಬಂದರು. ಅವರ ತಾಯಿಯ ಹೆಸರಿನಿಂದ ಅದು ಎಸ್‌ಎನ್‌ಡಿಟಿ ವಿಶ್ವವಿದ್ಯಾಲಯವಾಯಿತು. 1929ರಲ್ಲಿ, 70 ದಾಟಿದ ಮೇಲೆ, ಕರ್ವೆ ಮೊದಲ ಬಾರಿ ಹಡಗು ಹತ್ತಿ ಯುರೋಪ್, ಅಮೆರಿಕ, ಜಪಾನ್ ಸುತ್ತಿದರು. ಸಂಸ್ಥೆಯ ವಿಷಯ ತಿಳಿಸುವುದು, ದೇಣಿಗೆ ಕೂಡಿಸುವುದು, ಇದೇ ಪ್ರವಾಸದ ಉದ್ದೇಶ. ಬಳಿಕ ಆಫ್ರಿಕಾಕ್ಕೂ ಹೋಗಿ ಬಂದರು.

1936ರಲ್ಲಿ ವಿಶ್ವವಿದ್ಯಾಲಯದ ಕಚೇರಿ ಮುಂಬಯಿಗೆ ಹೋಯಿತು. ಆಗ ಅವರಿಗೆ 78. ಇಷ್ಟು ದೊಡ್ಡ ಸಂಸ್ಥೆ ಕಟ್ಟಿದವರು ಇನ್ನೂ ದೊಡ್ಡದನ್ನೇ ಹುಡುಕುತ್ತಾರೆ ಎಂದು ಯಾರಿಗಾದರೂ ಅನ್ನಿಸೀತು. ಕರ್ವೆ ಹಾಗೆ ಮಾಡಲಿಲ್ಲ. ಸಾಲಿಯೇ ಇಲ್ಲದ ಹಳ್ಳಿಗಳಿಗೆ ಪ್ರಾಥಮಿಕ ಸಾಲಿ ತೆರೆಯಲು ಅದೇ ವರ್ಷ ಒಂದು ಮಂಡಳಿ ಕಟ್ಟಿದರು. ತಮ್ಮ ಪಿಂಚಣಿಯಲ್ಲೊಂದು ಪಾಲು ಅದಕ್ಕೆ ತೆಗೆದಿಟ್ಟರು. ಉಳಿದದ್ದಕ್ಕೆ ಪುಣೆಯ ಓಣಿ ಓಣಿ ತಿರುಗಿ, ಮನೆ ಮೆಟ್ಟಿಲು ಹತ್ತಿ ಇಳಿದು, ಚಿಲ್ಲರೆ ವರ್ಗಣಿ ಕೂಡಿಸಿದರು. ಲಕ್ಷಗಳ ದಾನ ತಂದ ಕೈ ಬಿಡಿಗಾಸಿಗೂ ನಾಚಲಿಲ್ಲ. 1944ರಲ್ಲಿ, 86ನೇ ವಯಸ್ಸಿಗೆ, ಜಾತಿಭೇದ ಅಳಿಯಬೇಕೆಂದು ಸಮತಾ ಸಂಘ ಆರಂಭಿಸಿದರು.

ದೇಶ ಅವರನ್ನು ಮರೆಯಲಿಲ್ಲ. 1955ರಲ್ಲಿ ಪದ್ಮವಿಭೂಷಣ, ನೂರು ತುಂಬಿದ 1958ರಲ್ಲಿ ಭಾರತರತ್ನ. ಅದೇ ವರ್ಷ ಅವರ ಚಿತ್ರದ ಅಂಚೆಚೀಟಿ ಬಂತು. ಬದುಕಿದ್ದಾಗಲೇ ಈ ಗೌರವ ಪಡೆದ ಮೊದಲ ಭಾರತೀಯ ಅವರು. ಎರಡು ವರ್ಷದ ನಂತರ ಅದೇ ಗೌರವ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರಿಗೆ ಸಂದಿತು. ಅವರದೂ ನಿವೃತ್ತಿ ಒಪ್ಪದ ಜೀವವೇ. ನೂರು ದಾಟಿದ ಈ ಇಬ್ಬರೂ ತೀರಿಕೊಂಡದ್ದು 1962ರಲ್ಲಿ. ವಿಶ್ವೇಶ್ವರಯ್ಯ ಏಪ್ರಿಲ್‌ನಲ್ಲಿ ಹೋದರೆ, ಕರ್ವೆ ನವೆಂಬರ್ 9ರಂದು.

ಲೆಕ್ಕ ಹಾಕಿದರೆ, ನೌಕರಿಯಿಂದ ಬಿಡುವಾದ ಮೇಲೆ ಕರ್ವೆ ಬದುಕಿದ್ದು 48 ವರ್ಷ. ಗಣಿತದ ಮಾಸ್ತರರು ಅದರಲ್ಲಿ ಒಂದು ವರ್ಷವನ್ನೂ ಶೇಷವೆಂದು ಬಿಡಲಿಲ್ಲ. ನಮ್ಮ ಗಡಿಯೂರುಗಳಲ್ಲೂ ಪಿಂಚಣಿ ಬಂದ ಮಾಸ್ತರರು, ಗುಮಾಸ್ತರು ಸಾಕಷ್ಟು ಮಂದಿ ಇದ್ದಾರೆ. ಕನ್ನಡ ಸಾಲಿಯ ಮಕ್ಕಳಿಗೆ ಸಂಜೆ ಒಂದು ತಾಸು ಲೆಕ್ಕ ಹೇಳಿಕೊಡಲು ವಿಶ್ವವಿದ್ಯಾಲಯ ಕಟ್ಟಬೇಕಿಲ್ಲ. ಹಿಂಗಣೆಯ ಕೆಲಸವೂ ಒಂದು ಗುಡಿಸಲಿನಿಂದಲೇ ಶುರುವಾಗಿತ್ತು.