ದೋಣಿಗೆ ಮೆಟ್ಟಿಲು ಕಟ್ಟಿದ ಕಾಟನ್

ಮಕ್ಕಳೇ, ಕಿಬ್ಬನಹಳ್ಳಿ, ತುರುವೇಕೆರೆ ಕಡೆಯ ಕೆರೆ ಏರಿಗಳಲ್ಲಿ ನೀವು ತೂಬು ನೋಡಿರುತ್ತೀರಿ. ತೂಬು ಎತ್ತಿದರೆ ನೀರು ತಗ್ಗಿನ ಗದ್ದೆಗೆ ಹರಿಯುತ್ತದೆ. ಅದೇ ತೂಬಿನ ಸಹಾಯದಿಂದ ದೋಣಿಯನ್ನು ಮೇಲಕ್ಕೆ ಹತ್ತಿಸಬಹುದೆ? ಹತ್ತಿಸಬಹುದು! ಅಂಥ ಕಟ್ಟಡಕ್ಕೆ ಲಾಕ್ ಎಂದು ಹೆಸರು. ಬೀಗವಲ್ಲ, ದೋಣಿಯ ಮೆಟ್ಟಿಲು ಎನ್ನಿ.

ನಮ್ಮ ನದಿಗಳಲ್ಲಿ ದೋಣಿ ಸಾಗಬೇಕೆಂದು ಹಟ ಹಿಡಿದವರು ಸರ್ ಆರ್ಥರ್ ಕಾಟನ್. 1803ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಅವರು 1821ರಲ್ಲಿ ಸೇನೆಯ ಎಂಜಿನಿಯರ್ ಆಗಿ ಮದ್ರಾಸಿಗೆ ಬಂದರು. ಕಾವೇರಿಯಲ್ಲಿ ಕೆಲಸ ಮಾಡುವಾಗ ಚೋಳರ ಕಾಲದ ಕಲ್ಲಣೆಯನ್ನು ನೋಡಿದರು. ಆಳವೇ ತಿಳಿಯದ ಮರಳಿನ ಮೇಲೆ ಅದು ಶತಮಾನಗಳಿಂದ ಗಟ್ಟಿಯಾಗಿ ನಿಂತಿತ್ತು. ಮರಳಿನಲ್ಲಿ ಬುನಾದಿ ಹಾಕುವ ವಿದ್ಯೆಯನ್ನು ಅವರು ಕಲಿತದ್ದು ಆ ಹಳೆಯ ಕಟ್ಟೆಯಿಂದ. ಅದನ್ನು ಅವರೇ ಒಪ್ಪಿಕೊಂಡಿದ್ದರು.

1832-33ರಲ್ಲಿ ಗುಂಟೂರು ಸೀಮೆಯಲ್ಲಿ ಭೀಕರ ಬರ ಬಂತು. ಲೆಕ್ಕವಿಲ್ಲದಷ್ಟು ಜನ ಹಸಿವಿನಿಂದ ಸತ್ತರು. ಅತ್ತ ಗೋದಾವರಿಯ ನೀರು ಸಮುದ್ರ ಸೇರುತ್ತಿತ್ತು. 1847ರಿಂದ 1852ರವರೆಗೆ ಕಾಟನ್ ದವಳೇಶ್ವರದಲ್ಲಿ ಅಣೆಕಟ್ಟೆ ಕಟ್ಟಿಸಿದರು. ಅಲ್ಲಿಂದ ಹೊರಟ ಕಾಲುವೆಗಳಲ್ಲಿ ನೀರೂ ಹರಿಯಿತು, ಭತ್ತ ತುಂಬಿದ ದೋಣಿಗಳೂ ಸಾಗಿದವು. ಇಳಿಜಾರು ಇರುವಲ್ಲಿ ಲಾಕ್‌ಗಳು ಇದ್ದವು.

ಲಾಕ್ ಹೇಗೆ ಕೆಲಸ ಮಾಡುತ್ತದೆ? ಕಲ್ಲಿನ ಉದ್ದನೆಯ ತೊಟ್ಟಿ, ಅದರ ಎರಡು ತುದಿಗೂ ಬಾಗಿಲು. ಕೆಳಗಿನ ಬಾಗಿಲಿನಿಂದ ದೋಣಿ ಒಳಗೆ ಬರುತ್ತದೆ. ಆ ಬಾಗಿಲು ಮುಚ್ಚಿ, ಮೇಲಿನ ಬಾಗಿಲಿನ ಸಣ್ಣ ತೂಬು ತೆಗೆಯುತ್ತಾರೆ. ತೊಟ್ಟಿ ತುಂಬಿದಂತೆ ದೋಣಿ ಏರುತ್ತದೆ. ಎರಡೂ ಕಡೆ ನೀರು ಸಮವಾದಾಗ ಮೇಲಿನ ಬಾಗಿಲು ತೆರೆಯುತ್ತಾರೆ, ದೋಣಿ ಮುಂದೆ ಸಾಗುತ್ತದೆ. ಪಂಪು ಬೇಡ, ಎಂಜಿನ್ ಬೇಡ! ಬಾಗಿಲಿನ ಎರಡು ರೆಕ್ಕೆಗಳು ನೀರು ಬರುವ ಕಡೆಗೆ ಚೂಪಾಗಿ ಕೂಡಿಕೊಳ್ಳುತ್ತವೆ. ಆದ್ದರಿಂದ ನೀರು ಒತ್ತಿದಷ್ಟೂ ಅವು ಬಿಗಿಯಾಗುತ್ತವೆ. ನೀರು ಸಮವಾಗುವ ಮೊದಲು ಎಷ್ಟು ತಳ್ಳಿದರೂ ತೆರೆಯವು.

ಇಷ್ಟೆಲ್ಲ ಶ್ರಮ ಏಕೆ? ಕೊಬ್ಬರಿ ಮೂಟೆ ತುಂಬಿದ ಗಾಡಿಯನ್ನು ಎತ್ತುಗಳು ಏದುಸಿರು ಬಿಡುತ್ತಾ ಎಳೆಯಬೇಕು. ನೀರಿನಲ್ಲಿ ತೇಲುವ ದೋಣಿಯ ಭಾರವನ್ನು ನೀರೇ ಹೊರುತ್ತದೆ. ದಡದಲ್ಲಿ ನಡೆಯುತ್ತಾ ಕೆಲವೇ ಜನ ಅದನ್ನು ಹಗ್ಗದಿಂದ ಎಳೆಯಬಲ್ಲರು. ಅದಕ್ಕೇ ಕಾಟನ್ ರೈಲಿಗಿಂತ ಕಾಲುವೆ ಮೇಲು ಎಂದು ವಾದಿಸಿದರು. ಸರ್ಕಾರ ಅವರ ಮಾತು ಕೇಳದೆ ರೈಲಿಗೇ ಹೆಚ್ಚು ಹಣ ಕೊಟ್ಟಿತು.

ನಮ್ಮ ತುಂಗಭದ್ರೆಯ ಮೇಲೂ ಅವರ ಕಣ್ಣಿತ್ತು. 1860ರಲ್ಲೇ ಅದಕ್ಕೆ ದೊಡ್ಡ ಜಲಾಶಯದ ಸಲಹೆ ಕೊಟ್ಟಿದ್ದರು. ಕರ್ನೂಲು ಬಳಿ ಸುಂಕೇಸುಲದಲ್ಲಿ ಅದೇ ನದಿಗೆ ಅಡ್ಡಕಟ್ಟೆ ಕಟ್ಟಿ, ಕಡಪದವರೆಗೆ ಸುಮಾರು 300 ಕಿಲೋಮೀಟರ್ ಉದ್ದದ ಕಾಲುವೆಯನ್ನು ಒಂದು ಕಂಪನಿ ತೋಡಿಸಿತು. ದೋಣಿಗಳಿಗೆಂದು ಅದಕ್ಕೂ ಲಾಕ್‌ಗಳನ್ನು ಇಟ್ಟಿದ್ದರು. ಆದರೆ ಎರೆಭೂಮಿಯ ರೈತರು ಹಣ ಕೊಟ್ಟು ನೀರು ಕೊಳ್ಳಲು ಅಷ್ಟಾಗಿ ಮುಂದೆ ಬರಲಿಲ್ಲ. ಕಂಪನಿ ನಷ್ಟದಲ್ಲಿ ಮುಳುಗಿತು. 1882ರಲ್ಲಿ ಸರ್ಕಾರವೇ ಕಾಲುವೆಯನ್ನು ಕೊಂಡುಕೊಂಡಿತು.

1899ರಲ್ಲಿ ಕಾಟನ್ ತೀರಿಕೊಂಡರು. ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟು ಮುಗಿದದ್ದು 1953ರಲ್ಲಿ, ಅವರು ಸಲಹೆ ಕೊಟ್ಟು 93 ವರ್ಷಗಳ ಮೇಲೆ. ದವಳೇಶ್ವರದ ಹೊಸ ಬ್ಯಾರೇಜಿಗೆ ಅವರದೇ ಹೆಸರು.